ರೋಗಿಯ ಮಗ್ಗುಲೋ, ಪ್ರಯೋಗಶಾಲೆಯೋ?

ನಂಜನಗೂಡಿನ ಸೀಮೆಯಲ್ಲಿ ಹೆಡತಲೆ ಎಂಬ ಊರಿದೆ. ಅಲ್ಲಿಯ ಲಕ್ಷ್ಮೀಕಾಂತ ದೇವಾಲಯ ಹೊಯ್ಸಳರ ಕಾಲದ ತ್ರಿಕೂಟ. ಅದನ್ನು ನೋಡಲು ಹೋದವರಿಗೆ ಊರಿನವರು ತಪ್ಪದೆ ತೋರಿಸುವುದು ಹದಿನಾರು ಮುಖದ ಚಾವಡಿಯನ್ನು. ಹಿಂದೆ ಅಲ್ಲಿಯ ಪಾಳೆಯಗಾರನಿಗೆ ಹದಿನಾರು ಮಂದಿ ಅಳಿಯಂದಿರಿದ್ದರಂತೆ. ಯಾರೂ ಯಾರಿಗಿಂತಲೂ ಕಡಿಮೆಯ ಸ್ಥಾನದಲ್ಲಿ ಕುಳಿತುಕೊಳ್ಳಲು ಒಪ್ಪುತ್ತಿರಲಿಲ್ಲವಂತೆ. ಆದಕಾರಣ ಒಬ್ಬೊಬ್ಬನಿಗೂ ಒಂದೊಂದು ಮುಖವಿರುವಂತೆ ಆ ಚಾವಡಿಯನ್ನು ಕಟ್ಟಿಸಿದನಂತೆ. ಕಥೆ ಎಷ್ಟು ನಿಜವೋ ಕಾಣೆವು. ಅದರೊಳಗಿನ ವಿವೇಕ ಮಾತ್ರ ದೊಡ್ಡದು. ಹದಿನಾರು ಸ್ಥಾನಗಳಿಗೂ ಸಮಾನವಾದ ಗೌರವವನ್ನು ಕೊಡಬಹುದು; ಆದರೆ ಒಬ್ಬನೇ ಮನುಷ್ಯ ಏಕಕಾಲಕ್ಕೆ ಎರಡು ಮುಖಗಳಲ್ಲಿ ಕುಳಿತಿರಲಾರ.

ನಾನು ಇಂದು ಪ್ರಸ್ತಾಪಿಸಬೇಕೆಂದಿರುವ ವಿಷಯಕ್ಕೂ ಈ ಚಾವಡಿಗೂ ಇಷ್ಟೇ ಸಂಬಂಧ. ವೈದ್ಯಶಾಸ್ತ್ರದಲ್ಲಿ ಒಂದು ಪದವಿ, ಸಂಶೋಧನೆಯಲ್ಲಿ ಇನ್ನೊಂದು ಪದವಿ, ಹೀಗೆ ಎರಡನ್ನೂ ಸಂಪಾದಿಸಿದ ತರುಣ ತರುಣಿಯರು ಈಗ ನಮ್ಮ ಊರುಗಳ ಮನೆಗಳಿಂದಲೂ ಹೊರಬರತೊಡಗಿದ್ದಾರೆ. ಅಮೆರಿಕದಲ್ಲಿ ನೆಲೆಸಿರುವ ನಮ್ಮವರ ಮಕ್ಕಳಲ್ಲಿಯೂ ಇಂಥವರಿದ್ದಾರೆ. ಹೊರಗಿನವರ ಕಣ್ಣಿಗೆ ಇವರ ವ್ಯಾಸಂಗ ಮುಗಿಯಿತು. ಹೆಸರಿನ ಹಿಂದೆ ‘ಡಾಕ್ಟರ್’ ಎಂಬುದನ್ನು ಎರಡು ಸಲ ಬರೆದುಕೊಳ್ಳುವ ಅಧಿಕಾರ ಅವರಿಗಿದೆ. ಆದರೆ ನಿಜವಾದ ತೊಡಕು ಪ್ರಾರಂಭವಾಗುವುದು ಅಲ್ಲಿಂದಲೇ. ಮುಂದೆ ಆಸ್ಪತ್ರೆಯನ್ನು ಸೇರಿ ರೆಸಿಡೆನ್ಸಿ ಎಂಬ ತರಬೇತಿಯನ್ನು ಮುಗಿಸಬೇಕೋ, ಅಥವಾ ಪ್ರಯೋಗಶಾಲೆಯನ್ನು ಸೇರಿ ಸಂಶೋಧಕನಾಗಿ ಪಳಗಬೇಕೋ? ಈ ಆಯ್ಕೆಯನ್ನು ಹೇಗೆ ಮಾಡಬೇಕೆಂಬುದೇ ಇಂದಿನ ವಿಚಾರ.

ಮೊದಲು ಈ ಜೋಡಿ ಪದವಿಯ ಸ್ವರೂಪವನ್ನು ತಿಳಿದುಕೊಳ್ಳೋಣ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯವರು 1964ರಲ್ಲಿ ಕೆಲವು ವಿದ್ಯಾರ್ಥಿಗಳಿಗೆ ವೈದ್ಯ ಪದವಿಯನ್ನೂ ಪಿಎಚ್.ಡಿ.ಯನ್ನೂ ಒಟ್ಟಿಗೆ ಕಲಿಸುವ ಯೋಜನೆಯೊಂದಕ್ಕೆ ಸರ್ಕಾರದ ಹಣವನ್ನು ಕೊಡಲು ಮೊದಲು ಮಾಡಿದರು. ರೋಗಿಯನ್ನೂ ಬಲ್ಲ, ಪ್ರಯೋಗವನ್ನೂ ಬಲ್ಲ ಜನ ಬೇಕೆಂಬುದು ಅದರ ಆಶಯ. ಈ ವ್ಯಾಸಂಗಕ್ಕೆ ಸುಮಾರು 8 ವರ್ಷ ಹಿಡಿಯುತ್ತದೆ. ಮೊದಲೆರಡು ವರ್ಷ ವೈದ್ಯಶಾಸ್ತ್ರದ ಪಾಠ. ನಡುವಣ ನಾಲ್ಕು ವರ್ಷ ಪ್ರಬಂಧದ ಕೆಲಸ. ಮತ್ತೆ ಎರಡು ವರ್ಷ ಆಸ್ಪತ್ರೆಯ ವಾರ್ಡುಗಳು. ನಮ್ಮಲ್ಲಿ ಕ್ರಮ ಬೇರೆ. ಎಂ.ಬಿ.ಬಿ.ಎಸ್. ಎಂದರೆ ನಾಲ್ಕೂವರೆ ವರ್ಷದ ಓದು, ಒಂದು ವರ್ಷದ ಇಂಟರ್ನ್‌ಷಿಪ್. ಅದಾದ ಮೇಲೆ ಎಂ.ಡಿ.ಗೆ 3 ವರ್ಷ, ಪಿಎಚ್.ಡಿ.ಗೆ ನಾಲ್ಕೋ ಐದೋ ವರ್ಷ. ಕೆಲವರು ಎಂ.ಬಿ.ಬಿ.ಎಸ್. ಆದೊಡನೆ ಪಿಎಚ್.ಡಿ.ಗೆ ಹೋಗುತ್ತಾರೆ, ಕೆಲವರು ಎಂ.ಡಿ. ಮುಗಿಸಿ ಹೋಗುತ್ತಾರೆ. ಹೇಗೆ ಲೆಕ್ಕ ಹಾಕಿದರೂ, ಹದಿನೆಂಟರಲ್ಲಿ ಹೊರಟವರು ಎರಡನ್ನೂ ಮುಗಿಸುವ ಹೊತ್ತಿಗೆ ವಯಸ್ಸು ಮೂವತ್ತರ ಗಡಿಯನ್ನು ಸಮೀಪಿಸಿರುತ್ತದೆ, ಇಲ್ಲವೆ ದಾಟಿರುತ್ತದೆ.

ಆದರೂ ಈ ಎರಡು ಪದವಿಗಳು ಕೂಡಿ ಒಬ್ಬ ಪೂರ್ಣ ವೈದ್ಯನನ್ನಾಗಲಿ ಪೂರ್ಣ ಸಂಶೋಧಕನನ್ನಾಗಲಿ ಮಾಡುವುದಿಲ್ಲ. ಇದು ಹೊರಗಿನವರಿಗೆ ವಿಚಿತ್ರವಾಗಿ ತೋರೀತು. ಅಮೆರಿಕದಲ್ಲಿ ಪದವಿಯನ್ನು ಪಡೆದ ಮಾತ್ರಕ್ಕೆ ರೋಗಿಗೆ ಚಿಕಿತ್ಸೆ ಮಾಡುವ ಸ್ವತಂತ್ರವಾದ ಪರವಾನಗಿ ಸಿಕ್ಕುವುದಿಲ್ಲ. ಅದಕ್ಕೆ ರೆಸಿಡೆನ್ಸಿಯಲ್ಲಿ ದುಡಿದಿರಬೇಕು. ನಮ್ಮಲ್ಲಿ ಇಂಟರ್ನ್‌ಷಿಪ್ ಮುಗಿಸಿದವರು ನೋಂದಣಿ ಮಾಡಿಸಿಕೊಂಡು ವೃತ್ತಿ ನಡೆಸಬಹುದಾದರೂ, ಹೃದಯವನ್ನೋ ಮಿದುಳನ್ನೋ ತಮ್ಮ ಕ್ಷೇತ್ರವೆಂದು ಹೇಳಿಕೊಳ್ಳಲು ಎಂ.ಡಿ., ಅದರ ಮೇಲೆ ಮತ್ತೂ ಮೂರು ವರ್ಷದ ಡಿ.ಎಂ. ಬೇಕಾಗುತ್ತದೆ. ಹಾಗೆಯೇ ಪಿಎಚ್.ಡಿ. ಎಂಬುದು ಸಂಶೋಧನೆಯ ಪ್ರವೇಶಪತ್ರ ಮಾತ್ರ. ಗುರುವಿನ ಪ್ರಶ್ನೆಗೆ ಉತ್ತರ ಹುಡುಕುವುದನ್ನು ಅದರಲ್ಲಿ ಕಲಿಯುತ್ತೇವೆ. ತನ್ನದೇ ಪ್ರಶ್ನೆಯನ್ನು ಕಟ್ಟುವುದನ್ನು ಅದರ ಮುಂದಿನ ಮೂರು ನಾಲ್ಕು ವರ್ಷಗಳಲ್ಲಿ, ಇನ್ನೊಬ್ಬ ಹಿರಿಯರ ಪ್ರಯೋಗಶಾಲೆಯಲ್ಲಿ, ಕಲಿಯಬೇಕಾಗುತ್ತದೆ.

‘ರೆಸಿಡೆಂಟ್’ ಎಂಬ ಮಾತಿನ ಅರ್ಥ ‘ಅಲ್ಲಿಯೇ ವಾಸಿಸುವವನು’ ಎಂದು. 1889ರಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ವಿಲಿಯಂ ಆಸ್ಲರ್ ಎಂಬ ಮಹಾವೈದ್ಯರು ಈ ಪದ್ಧತಿಯನ್ನು ನೆಲೆಗೊಳಿಸಿದಾಗ ತರುಣ ವೈದ್ಯರು ನಿಜವಾಗಿಯೂ ಆಸ್ಪತ್ರೆಯಲ್ಲಿಯೇ ಇರುತ್ತಿದ್ದರು. ಇಂದು ಅವರು ಅಲ್ಲಿ ಮಲಗದಿದ್ದರೂ ಅವರ ಮನಸ್ಸು ಅಲ್ಲಿಯೇ ಇರುತ್ತದೆ. ರಾತ್ರಿ ಎರಡು ಗಂಟೆಗೆ ಉಸಿರುಕಟ್ಟಿ ಬಂದ ಮುದುಕನ ಮುಂದೆ ನಿಂತಾಗ ಪುಸ್ತಕವನ್ನು ತೆರೆಯುವುದಕ್ಕೆ ಸಮಯವಿರುವುದಿಲ್ಲ. ನೂರು ಸಲ ನೋಡಿ ಕೈಗೂ ಕಣ್ಣಿಗೂ ಇಳಿದ ತಿಳಿವಳಿಕೆ ಮಾತ್ರ ಆಗ ನೆರವಿಗೆ ಬರುತ್ತದೆ. ಅಂಥ ತಿಳಿವಳಿಕೆಯನ್ನು ಇನ್ನೊಬ್ಬರಿಂದ ಎರವಲು ತರಲು ಬಾರದು. ವರ್ಷಗಳ ಕಾಲ ಬಿಟ್ಟಿದ್ದರೆ ಉಳಿಯುವುದೂ ಇಲ್ಲ.

ಪ್ರಯೋಗಶಾಲೆಯ ಶಿಸ್ತು ಇದಕ್ಕಿಂತ ಭಿನ್ನವಾದುದು. ಅಲ್ಲಿ ಯಾರೂ ಬಾಗಿಲು ತಟ್ಟಿ ಎಬ್ಬಿಸುವುದಿಲ್ಲ. ಆದರೆ ಆರು ತಿಂಗಳು ದುಡಿದ ಪ್ರಯೋಗ ಒಂದು ಬೆಳಿಗ್ಗೆ ಅರ್ಥಹೀನವಾಗಿ ನಿಲ್ಲುತ್ತದೆ. ಮತ್ತೆ ಮೊದಲಿನಿಂದ ತೊಡಗಬೇಕಾಗುತ್ತದೆ. ವೈದ್ಯನಿಗೆ ಸಂದೇಹವಿದ್ದರೂ ಇಂದು ಸಂಜೆಯೊಳಗೆ ಏನಾದರೊಂದನ್ನು ಮಾಡಲೇಬೇಕು. ಸಂಶೋಧಕನಿಗೆ ಸಂದೇಹವಿರುವ ತನಕ ಏನನ್ನೂ ಹೇಳಬಾರದು. ಒಬ್ಬನದು ಅನಿಶ್ಚಯದ ನಡುವೆಯೇ ನಿರ್ಧರಿಸುವ ಧರ್ಮ. ಇನ್ನೊಬ್ಬನದು ನಿಶ್ಚಯವಾಗುವ ತನಕ ಕಾಯುವ ಧರ್ಮ. ಎರಡೂ ತಪಸ್ಸೇ ಹೌದು. ಆದರೆ ಎಲ್ಲರ ಮೈಮನಸ್ಸುಗಳಿಗೂ ಎರಡೂ ಒಗ್ಗುವುದಿಲ್ಲ.

ನಂಜನಗೂಡಿನ ಕೇಳುಗರಿಗೆ ಇದನ್ನು ಬೇರೆ ಬಗೆಯಾಗಿ ಹೇಳಬಹುದು. ರಸಬಾಳೆಯ ತೋಟಗಳಿಗೆ ಪನಾಮ ಸೊರಗು ರೋಗ ತಗುಲಿದಾಗ ರೈತನಿಗೆ ಬೇಕಾದದ್ದು ಈ ವರ್ಷದ ಗಿಡವನ್ನು ಉಳಿಸಿಕೊಳ್ಳುವ ಉಪಾಯ. ಆದರೆ ರೋಗದ ಮೂಲವಿದ್ದದ್ದು ಮಣ್ಣಿನಲ್ಲಿ ವರ್ಷಗಟ್ಟಲೆ ಅಡಗಿರಬಲ್ಲ ಒಂದು ಶಿಲೀಂಧ್ರದಲ್ಲಿ. ಗಿಡದ ಬಳಿ ನಿಂತವನಿಗೆ ಮಣ್ಣಿನೊಳಗಿನದು ಕಾಣುವುದಿಲ್ಲ. ಸೂಕ್ಷ್ಮದರ್ಶಕದ ಮುಂದೆ ಕುಳಿತವನಿಗೆ ರೈತನ ಮುಖ ಕಾಣುವುದಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ಮಾತನಾಡಿಸದೆ ಹೋದರೆ ಬಾಳೆ ಉಳಿಯುವುದಿಲ್ಲ.

ಈಗ ಹೆಡತಲೆಯಂಥ ಒಂದು ಊರಿನ ಮನೆಯನ್ನು ಕಲ್ಪಿಸಿಕೊಳ್ಳಿ. ಮಗಳು ವೈದ್ಯಳಾಗಿದ್ದಾಳೆ, ಬೆಂಗಳೂರಿನಲ್ಲಿದ್ದು ಪಿಎಚ್.ಡಿ.ಯನ್ನೂ ಮುಗಿಸಿದ್ದಾಳೆ. ಹಬ್ಬಕ್ಕೆ ಊರಿಗೆ ಬಂದಾಗ ಅಜ್ಜಿ ಕೇಳುತ್ತಾಳೆ: “ಇನ್ನೂ ಏನ್ ಓದೀಯೆ ಕೂಸೆ? ನನ್ ಮಂಡಿನೋವ್ಗೆ ಒಂದ್ ಔಸ್ದಿ ಕೊಡಕ್ಕಾಯ್ತದೋ ಇಲ್ವೋ?” ಅಜ್ಜಿಯ ಪ್ರಶ್ನೆಯಲ್ಲಿ ಹಾಸ್ಯವಿದ್ದರೂ ಅನ್ಯಾಯವಿಲ್ಲ. ಊರು ಒಬ್ಬಳನ್ನು ಓದಲು ಕಳುಹಿಸಿದ್ದು ತನಗೊಬ್ಬ ವೈದ್ಯೆ ಬೇಕೆಂದು. ತಂದೆಯ ಮನಸ್ಸಿನಲ್ಲಿ ಇನ್ನೂ ತೀರದ ಸಾಲದ ಲೆಕ್ಕವಿದೆ. ತಾಯಿಗೆ ಮಗಳ ಮದುವೆಯ ಯೋಚನೆ. ಮಗಳಿಗೋ, ಈ ಎರಡು ದಾರಿಗಳಲ್ಲಿ ಯಾವುದನ್ನು ಹಿಡಿದರೂ ಮತ್ತೆ ಮೂರು ನಾಲ್ಕು ವರ್ಷ ಕಡಿಮೆ ಸಂಬಳದಲ್ಲಿ, ಇನ್ನೊಬ್ಬರ ಕೈಕೆಳಗೆ ದುಡಿಯಬೇಕೆಂಬ ಅರಿವು. ಸಂಶೋಧನಾ ವಿದ್ಯಾರ್ಥಿಗೆ ಕೇಂದ್ರ ಸರ್ಕಾರದ ಕಿರಿಯ ಫೆಲೋಷಿಪ್ ಎಂದು ಕೊಡುವ ಹಣವನ್ನು 2023ರಲ್ಲಿ ತಿಂಗಳಿಗೆ 37,000 ರೂಪಾಯಿಗೆ ಏರಿಸಲಾಯಿತು. ಅದೇ ವಯಸ್ಸಿನ ಜೊತೆಗಾರ್ತಿ ಎಂ.ಡಿ. ಮುಗಿಸಿ ಖಾಸಗಿ ಆಸ್ಪತ್ರೆಯನ್ನು ಸೇರಿದರೆ ಗಳಿಸುವುದು ಇದರ ಎಷ್ಟೋ ಪಾಲು. ಹೆಣ್ಣುಮಕ್ಕಳಿಗಂತೂ ಈ ವರ್ಷಗಳೇ ಬಸಿರು ಬಾಣಂತನದ ವರ್ಷಗಳೂ ಆಗಿರುತ್ತವೆ. ಈ ಲೌಕಿಕದ ಮಾತುಗಳನ್ನು ಬಿಟ್ಟು ಜ್ಞಾನದ ಮಹಿಮೆಯನ್ನಷ್ಟೇ ಹೊಗಳುವವರು ಆ ಮನೆಗೆ ಉಪಕಾರ ಮಾಡಿದಂತಾಗುವುದಿಲ್ಲ.

ಹಾಗಾದರೆ ಎರಡನ್ನೂ ಒಟ್ಟಿಗೆ ನಡೆಸಿಕೊಂಡು ಹೋಗಬಾರದೆ? ಎರಡು ದೋಣಿಯ ಮೇಲೆ ಕಾಲಿಟ್ಟವನ ಪಾಡು ನಮ್ಮ ಜನಕ್ಕೆ ಗೊತ್ತಿದ್ದದ್ದೇ. ಆದರೂ ಹಾಗೆ ದಾಟಿದವರಿದ್ದಾರೆ. ನಮ್ಮ ದೇಶದಲ್ಲಿಯೇ, ಜೋಡಿ ಪದವಿ ಎಂಬ ಮಾತು ಹುಟ್ಟುವುದಕ್ಕೆ ಅರ್ಧ ಶತಮಾನಕ್ಕೂ ಮುಂಚೆ, ಕಲ್ಕತ್ತೆಯ ಉಪೇಂದ್ರನಾಥ ಬ್ರಹ್ಮಚಾರಿಗಳು 1902ರಲ್ಲಿ ಎಂ.ಡಿ. ಪದವಿಯನ್ನೂ 1904ರಲ್ಲಿ ಪಿಎಚ್.ಡಿ. ಪದವಿಯನ್ನೂ ಪಡೆದಿದ್ದರು. ಅವರು ಅದಕ್ಕೂ ಮೊದಲೇ ರಸಾಯನಶಾಸ್ತ್ರದಲ್ಲಿ ಎಂ.ಎ. ಮಾಡಿದ್ದವರು. ಕ್ಯಾಂಪ್‌ಬೆಲ್ ವೈದ್ಯಶಾಲೆಯಲ್ಲಿ ಅವರು ಪಾಠ ಹೇಳುತ್ತಿದ್ದರು, ವಾರ್ಡಿನಲ್ಲಿ ರೋಗಿಗಳನ್ನು ನೋಡುತ್ತಿದ್ದರು. ಬಂಗಾಳ, ಅಸ್ಸಾಂಗಳ ಹಳ್ಳಿಗಳನ್ನು ಬರಿದುಮಾಡುತ್ತಿದ್ದ ಕಾಲಾ ಅಜಾರ್ ಎಂಬ ಜ್ವರ ಅವರ ಕಣ್ಣಮುಂದೆಯೇ ಇತ್ತು. ಚಿಕಿತ್ಸೆಯಿಲ್ಲದೆ ಹೋದರೆ ಆ ರೋಗದಲ್ಲಿ ಬದುಕುವವರು ತೀರ ವಿರಳ. ಅದೇ ಆಸ್ಪತ್ರೆಯ ಒಂದು ಪುಟ್ಟ ಕೋಣೆಯಲ್ಲಿ, ಅನಿಲವಿಲ್ಲದೆ, ನಲ್ಲಿಯ ನೀರಿಲ್ಲದೆ, ಸೀಮೆಎಣ್ಣೆಯ ದೀಪದ ಬೆಳಕಿನಲ್ಲಿ, ಅವರು ಯೂರಿಯಾ ಸ್ಟಿಬಮೈನ್ ಎಂಬ ಔಷಧಿಯನ್ನು ಸಿದ್ಧಪಡಿಸಿದರು. 1920ರ ದಶಕದಲ್ಲಿ ಆ ಔಷಧಿ ಲೆಕ್ಕವಿಲ್ಲದಷ್ಟು ಜನರ ಪ್ರಾಣವನ್ನು ಉಳಿಸಿತು.

ಈ ಚರಿತ್ರೆಯನ್ನು ಓದಿ ಉಬ್ಬಿಹೋಗುವುದು ಸುಲಭ. ಅದರಿಂದ ಕಲಿಯಬೇಕಾದ ಪಾಠ ಬೇರೊಂದಿದೆ. ಬ್ರಹ್ಮಚಾರಿಗಳ ವಾರ್ಡು ಮತ್ತು ಪ್ರಯೋಗಶಾಲೆ ಒಂದೇ ಆಸ್ಪತ್ರೆಯ ಆವರಣದಲ್ಲಿದ್ದವು. ಅವರ ರೋಗಿಯೂ ಅವರ ಪ್ರಶ್ನೆಯೂ ಒಂದೇ ಆಗಿದ್ದವು. ಬೆಳಿಗ್ಗೆ ಹೃದ್ರೋಗಿಗಳನ್ನು ನೋಡಿ ಸಂಜೆ ಬೇರೊಂದು ಊರಿನಲ್ಲಿ ಗಿಡಗಳ ಕೋಶವನ್ನು ಪರೀಕ್ಷಿಸುತ್ತಿದ್ದರೆ ಅವರಿಂದಲೂ ಅದು ಸಾಧ್ಯವಾಗುತ್ತಿರಲಿಲ್ಲವೇನೋ. ಎರಡು ದೋಣಿಗಳನ್ನು ಒಂದಕ್ಕೊಂದು ಬಿಗಿದು ಕಟ್ಟಿದ್ದರೆ ಮಾತ್ರ ಎರಡರ ಮೇಲೂ ಕಾಲಿಡಬಹುದು.

ಎಲ್ಲರಿಗೂ ಆ ಭಾಗ್ಯವಿರುವುದಿಲ್ಲ. ಆಗ ಯಾವುದು ಮೊದಲು, ಯಾವುದು ಆಮೇಲೆ ಎಂಬ ಪ್ರಶ್ನೆ ಏಳುತ್ತದೆ. ಇದಕ್ಕೆ ಮೂವರ ಜೀವನವನ್ನು ಉದಾಹರಿಸಬಹುದು. ಸ್ಟ್ಯಾನ್ಲಿ ಪ್ರೂಸಿನರ್ 1972ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ನರರೋಗ ವಿಭಾಗದ ರೆಸಿಡೆಂಟ್ ಆಗಿ ಸೇರಿದರು. ಸೇರಿ ಕೆಲವೇ ವಾರಗಳಲ್ಲಿ ಅವರ ಪಾಲಿಗೆ ಒಬ್ಬ ರೋಗಿಯು ಬಂದರು. ಮಿದುಳು ದಿನದಿಂದ ದಿನಕ್ಕೆ ನಾಶವಾಗುತ್ತಿದ್ದ, ಔಷಧಿಯೇ ಇಲ್ಲದ ಕ್ರಾಯ್ಟ್ಸ್‌ಫೆಲ್ಟ್–ಯಾಕೋಬ್ ಎಂಬ ರೋಗ. ಆ ಒಂದು ಹಾಸಿಗೆಯ ಬಳಿ ಹುಟ್ಟಿದ ಪ್ರಶ್ನೆ ಅವರನ್ನು ಇಪ್ಪತ್ತೈದು ವರ್ಷ ನಡೆಸಿತು. ರೋಗಾಣುವಿಲ್ಲದೆ ಬರಿಯ ಪ್ರೋಟೀನೇ ರೋಗವನ್ನು ಹರಡಬಲ್ಲದೆಂಬ ಅವರ ವಾದವನ್ನು ಬಹುಕಾಲ ಜನ ಗೇಲಿ ಮಾಡಿದರು. 1997ರಲ್ಲಿ ಅದಕ್ಕೇ ನೊಬೆಲ್ ಬಹುಮಾನ ಬಂದಿತು. ರೆಸಿಡೆನ್ಸಿಗೆ ಹೋಗದಿದ್ದರೆ ಆ ಪ್ರಶ್ನೆ ಅವರಿಗೆ ಎದುರಾಗುತ್ತಲೇ ಇರಲಿಲ್ಲ.

ರೊಡೆರಿಕ್ ಮೆಕಿನನ್ ಅವರ ಕಥೆ ಬೇರೆ. 1982ರಲ್ಲಿ ವೈದ್ಯ ಪದವಿಯನ್ನು ಪಡೆದು, ಬಾಸ್ಟನ್ನಿನಲ್ಲಿ ರೆಸಿಡೆನ್ಸಿಯನ್ನು ಮುಗಿಸಿ, ತಮ್ಮ ಮನಸ್ಸು ಇಲ್ಲಿಲ್ಲವೆಂದು ಅರಿತು, ಮೂವತ್ತರ ಹತ್ತಿರದಲ್ಲಿ ಅವರು ಪ್ರಯೋಗಶಾಲೆಗೆ ಮರಳಿದರು. ಜೀವಕೋಶದ ಪೊರೆಯಲ್ಲಿ ಪೊಟ್ಯಾಸಿಯಂ ಹಾದುಹೋಗುವ ಕಿರುದ್ವಾರದ ರೂಪವನ್ನು 1998ರಲ್ಲಿ ಬಿಡಿಸಿ ತೋರಿಸಿದರು. 2003ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಹುಮಾನವನ್ನು ಪಡೆದರು. ಎರಿಕ್ ಕ್ಯಾಂಡೆಲ್ ಅವರದು ಮೂರನೆಯ ಕ್ರಮ. 1956ರಲ್ಲಿ ವೈದ್ಯರಾಗಿ, 1957ರಿಂದ 1960ರವರೆಗೆ ಸಂಶೋಧನೆ ಮಾಡಿ, ಅನಂತರ ಮನೋವೈದ್ಯದ ರೆಸಿಡೆನ್ಸಿಗೆ ಹೋಗಿ, ಮತ್ತೆ ಪ್ರಯೋಗಶಾಲೆಗೆ ಬಂದು, ಸಮುದ್ರದ ಬಸವನಹುಳುವಿನಲ್ಲಿ ನೆನಪಿನ ಗುಟ್ಟನ್ನು ಹುಡುಕಿದವರು ಅವರು. ದಾರಿಯ ಅನುಕ್ರಮ ಒಂದೇ ಎಂದು ಹೇಳುವವರಿಗೆ ಈ ಮೂವರೂ ಉತ್ತರ ಕೊಡುತ್ತಾರೆ.

ರೆಸಿಡೆನ್ಸಿಯೇ ದೊರೆಯದವರ ಪಾಡೇನು? ಆಂಧ್ರದ ಭೀಮವರದವರಾದ ಯಲ್ಲಾಪ್ರಗಡ ಸುಬ್ಬರಾವ್ ಮದರಾಸಿನಲ್ಲಿ ವೈದ್ಯವಿದ್ಯೆಯನ್ನು ಕಲಿತು ಬಾಸ್ಟನ್ನಿಗೆ ಹೋದರು. ಅಲ್ಲಿ ವೈದ್ಯರಾಗಿ ವೃತ್ತಿ ನಡೆಸುವ ಅವಕಾಶ ಅವರಿಗೆ ದೊರೆಯಲಿಲ್ಲ. ಹೊಟ್ಟೆಪಾಡಿಗೆ ಆಸ್ಪತ್ರೆಯೊಂದರಲ್ಲಿ ರಾತ್ರಿಯ ಹೊತ್ತು ಕೂಲಿಯವರ ಕೆಲಸ ಮಾಡಿದರು. ಮುಂದೆ ಪಿಎಚ್.ಡಿ. ಪಡೆದು, ಔಷಧಿ ಕಂಪೆನಿಯೊಂದರ ಸಂಶೋಧನಾ ವಿಭಾಗವನ್ನು ನಡೆಸಿ, 1948ರಲ್ಲಿ ತೀರಿಕೊಂಡರು. ಅಷ್ಟರೊಳಗೆ ಅವರೂ ಅವರ ಸಂಗಡಿಗರೂ ಕೊಟ್ಟುಹೋದವುಗಳಲ್ಲಿ ಆನೆಕಾಲು ರೋಗಕ್ಕೆ ಇಂದಿಗೂ ಕೊಡುವ ಮಾತ್ರೆಯಿದೆ, ಮಕ್ಕಳ ರಕ್ತದ ಕ್ಯಾನ್ಸರಿಗೆ ಕೊಡುವ ಮೆಥೊಟ್ರೆಕ್ಸೇಟ್ ಇದೆ. ಅಮೆರಿಕದಲ್ಲಿ ಒಬ್ಬ ರೋಗಿಯ ನಾಡಿಯನ್ನೂ ವೃತ್ತಿಯಾಗಿ ಹಿಡಿಯದೆ ಅವರು ಸಹಸ್ರಾರು ರೋಗಿಗಳನ್ನು ಬದುಕಿಸಿದರು. ಆದ್ದರಿಂದ ಪ್ರಯೋಗಶಾಲೆಗೆ ಹೋದವನು ವೈದ್ಯನಾಗಿ ಉಳಿಯಲಿಲ್ಲವೆಂದು ಯಾರೂ ಮರುಗಬೇಕಾಗಿಲ್ಲ.

ಇಷ್ಟಾದರೂ ಇವೆಲ್ಲ ದೂರದವರ, ದೊಡ್ಡವರ ಮಾತು. ನಮ್ಮ ಮೈಸೂರಿನಲ್ಲಿಯೇ ನಡೆದ ಒಂದು ಸಂಗತಿ ಈ ವಿಷಯಕ್ಕೆ ಇವೆಲ್ಲಕ್ಕಿಂತ ಹೆಚ್ಚಿನ ಬೆಳಕನ್ನು ಚೆಲ್ಲುತ್ತದೆಂದು ನನ್ನ ನಂಬಿಕೆ.

ಮಂಡಿ ಮೊಹಲ್ಲದಲ್ಲಿ 1906ರಲ್ಲಿ ತೆರೆದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ನಮ್ಮ ಹಿರಿಯರು ಮಿಷನ್ ಆಸ್ಪತ್ರೆಯೆಂದೇ ಕರೆಯುತ್ತಿದ್ದರು. 1934ರಿಂದ ಅಲ್ಲಿ ಹುಟ್ಟಿದ ಪ್ರತಿಯೊಂದು ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆ ಇವುಗಳನ್ನು ಹೆರಿಗೆಯ ವಾರ್ಡಿನವರು ದಾಖಲೆಯಲ್ಲಿ ಬರೆದಿಡುತ್ತ ಬಂದರು. ತಾಯಿಯ ತೂಕವನ್ನೂ ಬರೆದರು. ಹೆರಿಗೆಯ ಗಡಿಬಿಡಿಯ ನಡುವೆ ಈ ಅಂಕಿಗಳನ್ನು ತಪ್ಪದೆ ಬರೆದವರಿಗೆ ಇದೊಂದು ಸಂಶೋಧನೆಯೆಂಬ ಕಲ್ಪನೆಯೂ ಇದ್ದಿರಲಾರದು. ಅದು ಅವರ ಕೆಲಸದ ಶಿಸ್ತು, ಅಷ್ಟೆ.

1980ರ ದಶಕದಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ನಿನ ಡೇವಿಡ್ ಬಾರ್ಕರ್ ಎಂಬ ವೈದ್ಯರು ಒಂದು ವಿಚಿತ್ರವಾದ ವಾದವನ್ನು ಮುಂದಿಟ್ಟರು. ಹುಟ್ಟುವಾಗ ತೂಕ ಕಡಿಮೆಯಿದ್ದವರಿಗೆ ನಡುವಯಸ್ಸು ಕಳೆದ ಮೇಲೆ ಹೃದ್ರೋಗದ ಭಯ ಹೆಚ್ಚೆಂಬುದೇ ಆ ವಾದ. ಇಂಗ್ಲೆಂಡಿನಲ್ಲಿ ಕಂಡದ್ದು ನಮ್ಮ ದೇಶಕ್ಕೂ ಅನ್ವಯಿಸುತ್ತದೆಯೆ ಎಂದು ನೋಡಲು ಅರ್ಧ ಶತಮಾನದಷ್ಟು ಹಳೆಯ ಜನನ ದಾಖಲೆಗಳು ಬೇಕಾಗಿದ್ದವು. ಅವು ಸಿಕ್ಕಿದ್ದು ಮೈಸೂರಿನ ಈ ಆಸ್ಪತ್ರೆಯಲ್ಲಿ. ಕ್ಯಾರೊಲಿನ್ ಫಾಲ್, ಕ್ಲಾಡಿಯಾ ಸ್ಟೀನ್ ಮೊದಲಾದವರೂ ಇಲ್ಲಿಯ ವೈದ್ಯರೂ ಕೂಡಿ, ಆ ದಾಖಲೆಗಳಲ್ಲಿದ್ದ ಶಿಶುಗಳು ಈಗ ಎಲ್ಲಿದ್ದಾರೆಂದು ಹುಡುಕಿದರು. 1934ರಿಂದ 1954ರೊಳಗೆ ಅಲ್ಲಿ ಹುಟ್ಟಿ, ಆಸ್ಪತ್ರೆಯ ಸುತ್ತಮುತ್ತ ಇನ್ನೂ ವಾಸವಾಗಿದ್ದ 517 ಮಂದಿ ಗಂಡಸರನ್ನೂ ಹೆಂಗಸರನ್ನೂ ಪರೀಕ್ಷಿಸಿದರು. 1996ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟವಾಯಿತು. ಹುಟ್ಟುವಾಗ ಎರಡೂವರೆ ಕಿಲೋಗ್ರಾಂ ಇಲ್ಲವೆ ಅದಕ್ಕೂ ಕಡಿಮೆ ತೂಗಿದವರಲ್ಲಿ ನೂರಕ್ಕೆ 11 ಮಂದಿಗೆ ಹೃದ್ರೋಗವಿತ್ತು. ಮೂರು ಕಿಲೋಗ್ರಾಂಗಿಂತ ಚೆನ್ನಾಗಿ ಮೇಲೆ ತೂಗಿದವರಲ್ಲಿ ಅದು ನೂರಕ್ಕೆ 3. ತಾಯಿಯೂ ಕೃಶಳಾಗಿದ್ದರೆ, ನಲವತ್ತೈದನ್ನು ದಾಟಿದ ಮಕ್ಕಳಲ್ಲಿ ಅಪಾಯ ಇನ್ನೂ ಹೆಚ್ಚು. ಬಸುರಿಗೆ ಹೊಟ್ಟೆತುಂಬ ಅನ್ನ ಸಿಗದಿದ್ದರೆ ಅದರ ಬಡ್ಡಿಯನ್ನು ಮಗ ಅರ್ಧ ಶತಮಾನದ ಅನಂತರ ತನ್ನ ಹೃದಯದಿಂದ ತೀರಿಸಬೇಕಾದೀತೆಂಬ ಮಾತು ಹೀಗೆ ನಮ್ಮ ಊರಿನ ಹಳೆಯ ದಾಖಲೆಗಳಿಂದಲೂ ಹೊರಬಂದಿತು. ಮುಂದೆ 1997–98ರಲ್ಲಿ ಅದೇ ಆಸ್ಪತ್ರೆಯಲ್ಲಿ ಎಂಟುನೂರಕ್ಕೂ ಮಿಕ್ಕ ಬಸುರಿಯರನ್ನು ಸೇರಿಸಿಕೊಂಡು, ಅವರಲ್ಲಿ ಸಕ್ಕರೆ ಕಾಯಿಲೆಯನ್ನು ಪರೀಕ್ಷಿಸಿ, ಹುಟ್ಟಿದ ಮಕ್ಕಳನ್ನು ವರ್ಷ ವರ್ಷವೂ ಗಮನಿಸುವ ಇನ್ನೊಂದು ದೀರ್ಘ ಅಧ್ಯಯನ ಮೊದಲಾಯಿತು.

ಈ ಕೆಲಸದಲ್ಲಿ ವೈದ್ಯ ಯಾರು, ಸಂಶೋಧಕ ಯಾರು? ತೂಕ ಬರೆದ ದಾದಿಯಿಲ್ಲದೆ ಪ್ರಶ್ನೆಗೆ ಉತ್ತರವಿಲ್ಲ. ಪ್ರಶ್ನೆ ಕೇಳಿದವರಿಲ್ಲದೆ ಆ ಕಾಗದಗಳು ಗೆದ್ದಲಿನ ಪಾಲು. ಆಯ್ಕೆಯ ಮುಂದೆ ನಿಂತವರು ಎರಡು ಶತ್ರುಪಾಳೆಯಗಳ ನಡುವೆ ಒಂದನ್ನು ಸೇರುತ್ತಿದ್ದೇವೆಂದು ಭಾವಿಸಬೇಕಾಗಿಲ್ಲವೆಂಬುದನ್ನು ಈ ದಾಖಲೆಗಳು ಹೇಳುತ್ತವೆ. ಒಂದು ಸರಪಳಿಯಲ್ಲಿ ತನ್ನ ಕೊಂಡಿ ಯಾವುದೆಂದು ನಿಶ್ಚಯಿಸುವುದಷ್ಟೇ ಅವರ ಪಾಲಿನ ಕೆಲಸ.

ಹಾಗೆ ನಿಶ್ಚಯಿಸುವಾಗ ಮೂರು ಪ್ರಶ್ನೆಗಳನ್ನು ತಮಗೆ ತಾವೇ ಹಾಕಿಕೊಳ್ಳುವುದು ಲೇಸು. ಮೊದಲನೆಯದು: ನನ್ನನ್ನು ಕಾಡುತ್ತಿರುವ ಪ್ರಶ್ನೆ ರೋಗಿಯಿಲ್ಲದೆ ಬದುಕುತ್ತದೆಯೆ? ಕೊಲೆಸ್ಟರಾಲಿನ ಚರಿತ್ರೆಯನ್ನು ನೋಡಿ. ಜೋಸೆಫ್ ಗೋಲ್ಡ್‌ಸ್ಟೀನ್ ಮತ್ತು ಮೈಕೇಲ್ ಬ್ರೌನ್ ಬಾಸ್ಟನ್ನಿನ ಆಸ್ಪತ್ರೆಯಲ್ಲಿ ತರಬೇತಿಯ ಕಾಲದಲ್ಲಿ ಸ್ನೇಹಿತರಾದ ವೈದ್ಯರು. ಬಾಲ್ಯದಲ್ಲಿಯೇ ಹೃದಯಾಘಾತಕ್ಕೆ ತುತ್ತಾಗುತ್ತಿದ್ದ ಮಕ್ಕಳ ಕಾಯಿಲೆ ಅವರನ್ನು ಎಳೆಯಿತು. ಆ ಮಕ್ಕಳ ಚರ್ಮದ ಕೋಶಗಳಿಂದಲೇ ಅವರು ಕಾರಣವನ್ನು ಕಂಡುಹಿಡಿದು 1985ರಲ್ಲಿ ನೊಬೆಲ್ ಬಹುಮಾನವನ್ನು ಪಡೆದರು. ಅದೇ ಕೊಲೆಸ್ಟರಾಲನ್ನು ಇಳಿಸುವ ಮೊದಲ ಸ್ಟ್ಯಾಟಿನ್ ವಸ್ತುವನ್ನು ಅಕ್ಕಿಯ ಮೇಲೆ ಬೆಳೆದ ಬೂಷ್ಟಿನಲ್ಲಿ ಕಂಡುಹಿಡಿದವರು ಜಪಾನಿನ ಅಕಿರಾ ಎಂಡೋ. ಅವರು ವೈದ್ಯರೇ ಅಲ್ಲ; ಕೃಷಿರಸಾಯನವನ್ನು ಓದಿದವರು. ಮೊದಲಿಬ್ಬರ ಪ್ರಶ್ನೆಗೆ ವಾರ್ಡು ಬೇಕಿತ್ತು, ಎಂಡೋ ಅವರ ಪ್ರಶ್ನೆಗೆ ಬೇಕಿರಲಿಲ್ಲ. ನಿಮ್ಮದು ಯಾವ ಬಗೆಯದು?

ಎರಡನೆಯದು: ಯಾವ ಬಾಗಿಲು ಬೇಗ ಮುಚ್ಚುತ್ತದೆ? ನಾಲ್ಕು ವರ್ಷ ವಾರ್ಡನ್ನು ಬಿಟ್ಟವರು ಸ್ನಾತಕೋತ್ತರ ಪ್ರವೇಶ ಪರೀಕ್ಷೆಗೆ ಆಗತಾನೆ ಓದು ಮುಗಿಸಿದವರೊಡನೆ ಸ್ಪರ್ಧಿಸಬೇಕು. ಮರೆತ ಕೈಚಳಕವನ್ನು ಮತ್ತೆ ರೂಢಿಸಿಕೊಳ್ಳಬೇಕು. ಪ್ರಯೋಗಶಾಲೆಯ ಉಪಕರಣಗಳೂ ಐದು ವರ್ಷಗಳಲ್ಲಿ ಹಳತಾಗುತ್ತವೆ, ನಿಜ. ಆದರೆ ಹೊಸ ವಿಧಾನವನ್ನು ಜೊತೆಗಾರರಿಂದ ಕಲಿಯಬಹುದು. ನಡುರಾತ್ರಿಯ ನಿರ್ಧಾರವನ್ನು ಹಾಗೆ ಕಲಿಯಲಾಗದು. ಮೆಕಿನನ್ನರಂತೆ ವಾರ್ಡಿನಿಂದ ಪ್ರಯೋಗಶಾಲೆಗೆ ಬರುವುದು ಕಷ್ಟವಾದರೂ ಆಗದ್ದಲ್ಲ. ಪ್ರಯೋಗಶಾಲೆಯಲ್ಲಿ ಹತ್ತು ವರ್ಷ ಕಳೆದು ರೆಸಿಡೆನ್ಸಿಗೆ ಹೋಗುವುದು ಅದಕ್ಕಿಂತ ಬಹಳ ಕಷ್ಟ.

ಮೂರನೆಯದು: ಹೋಗುವ ಸ್ಥಳದಲ್ಲಿ ನನ್ನ ವಾರದ ಎಷ್ಟು ದಿನ ನನ್ನದಾಗಿರುತ್ತದೆ? ಸಂಸ್ಥೆಯ ಹೆಸರಿಗಿಂತ ಇದು ಮುಖ್ಯ. ‘ಸಂಶೋಧನೆಗೆ ಅವಕಾಶವಿದೆ’ ಎಂದು ಬಾಯಿಮಾತಿಗೆ ಹೇಳುವ ಕಡೆ ರೋಗಿಗಳ ಸಾಲು ಎಂದೂ ಮುಗಿಯುವುದಿಲ್ಲ. ಅಮೆರಿಕದಲ್ಲಿ ರೆಸಿಡೆನ್ಸಿಯ ಕಾಲವನ್ನು ಮೊಟಕುಗೊಳಿಸಿ ಉಳಿದ ವರ್ಷಗಳನ್ನು ಸಂಶೋಧನೆಗೇ ಮೀಸಲಿಡುವ ದಾರಿಯೊಂದಿದೆ. ನಮ್ಮಲ್ಲಿಯೂ ಮಧ್ಯದ ದಾರಿಗಳು ತೆರೆಯುತ್ತಿವೆ. 2008ರಲ್ಲಿ ಹುಟ್ಟಿದ ಇಂಡಿಯಾ ಅಲಯನ್ಸ್ ಎಂಬ ಸಂಸ್ಥೆ ವೃತ್ತಿನಿರತ ವೈದ್ಯರ ಸಂಶೋಧನೆಗೆಂದೇ ಫೆಲೋಷಿಪ್ಪುಗಳನ್ನು ಏರ್ಪಡಿಸಿತು. 2022ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು, ದಾನಿಗಳಿತ್ತ 425 ಕೋಟಿ ರೂಪಾಯಿಯ ನೆರವಿನಿಂದ, ತನ್ನ ಆವರಣದಲ್ಲಿಯೇ ಒಂದು ಆಸ್ಪತ್ರೆಯನ್ನೂ ಸ್ನಾತಕೋತ್ತರ ವೈದ್ಯಶಾಲೆಯನ್ನೂ ಕಟ್ಟುವ ಯೋಜನೆಯನ್ನು ಪ್ರಕಟಿಸಿತು. ವೈದ್ಯವಿಜ್ಞಾನಿಗಳನ್ನು ತಯಾರುಮಾಡುವುದೇ ಅದರ ಉದ್ದೇಶ. ಬ್ರಹ್ಮಚಾರಿಗಳ ಪುಟ್ಟ ಕೋಣೆಯ ಸೂತ್ರವೇ ಅಲ್ಲಿಯೂ ಇದೆ. ವಾರ್ಡಿಗೂ ಪ್ರಯೋಗಶಾಲೆಗೂ ನಡುವಣ ದೂರ ಕಾಲ್ನಡಿಗೆಯಷ್ಟಿರಬೇಕು.

ಈ ಮೂರು ಪ್ರಶ್ನೆಗಳಿಗೂ ಉತ್ತರ ಸ್ಪಷ್ಟವಾಗದೆ ಮನಸ್ಸು ತೂಗುಯ್ಯಾಲೆಯಾಡುತ್ತಿದ್ದರೆ, ಮೊದಲು ರೆಸಿಡೆನ್ಸಿಗೆ ಹೋಗುವುದೇ ಒಳಿತೆಂದು ನನ್ನ ಅಭಿಪ್ರಾಯ. ಹೋಗುವಾಗ ಒಂದು ನೋಟುಪುಸ್ತಕವನ್ನು ಜೇಬಿನಲ್ಲಿಟ್ಟುಕೊಳ್ಳಲಿ. ಅರ್ಥವಾಗದ ಪ್ರತಿಯೊಂದು ರೋಗಿಯ ವಿಷಯವನ್ನೂ ಅದರಲ್ಲಿ ಬರೆಯಲಿ. ಮೂರು ವರ್ಷದ ಕೊನೆಯಲ್ಲಿ ಆ ಪುಸ್ತಕವೇ ಮುಂದಿನ ದಾರಿಯನ್ನು ತೋರಿಸೀತು. ಆದರೆ ಕೈಯಲ್ಲಿ ಹಿಡಿದ ಪ್ರಯೋಗ ಫಲ ಕೊಡುವ ಹಂತಕ್ಕೆ ಬಂದಿದ್ದು, ಆ ಪ್ರಶ್ನೆಗೆ ವಾರ್ಡಿನ ಅವಶ್ಯಕತೆಯೂ ಇಲ್ಲದಿದ್ದರೆ, ಅದನ್ನು ನಡುವಿನಲ್ಲಿ ಬಿಟ್ಟುಬರುವುದು ಬಸುರಿಯನ್ನು ಹೆರಿಗೆಯ ಮುನ್ನಾದಿನ ಬಿಟ್ಟುಹೋದಂತೆ. ಅಂಥವರು ಅಳುಕದೆ ಪ್ರಯೋಗಶಾಲೆಯಲ್ಲಿಯೇ ಉಳಿಯಲಿ. ಬಿಡಬೇಕಾದದ್ದು ಒಂದೇ: ಭಯದಿಂದ ಮಾಡುವ ಆಯ್ಕೆಯನ್ನು. ರಾತ್ರಿಯ ಪಾಳಿಗೆ ಹೆದರಿ ಪ್ರಯೋಗಶಾಲೆಯನ್ನು ಹೊಕ್ಕವನು ಅಲ್ಲಿಯ ಸೋಲುಗಳನ್ನೂ ತಾಳಲಾರ. ಸೋಲಿಗೆ ಹೆದರಿ ವಾರ್ಡಿಗೆ ಓಡಿಬಂದವನು ರೋಗಿಯ ಸಾವನ್ನು ಎದುರಿಸಲಾರ.

ಇನ್ನು ಮನೆಯವರಿಗೆ ಒಂದು ಮಾತು. ನಂಜನಗೂಡಿನ ನಂಜುಂಡೇಶ್ವರನಿಗೆ ‘ಹಕೀಂ ನಂಜುಂಡ’ ಎಂಬ ಹೆಸರಿದೆ. ಟಿಪ್ಪು ಸುಲ್ತಾನನ ಪಟ್ಟದಾನೆಯ ಕಣ್ಣಿನ ಬೇನೆಯನ್ನು ವಾಸಿಮಾಡಿದನೆಂದು ಐತಿಹ್ಯ. ದೇವರನ್ನೇ ವೈದ್ಯನೆಂದು ಕರೆದ ಸೀಮೆ ನಮ್ಮದು. ವೈದ್ಯನೆಂದರೆ ಇಂದೇ ವಾಸಿಮಾಡುವವನೆಂದು ನಾವು ನಂಬಿದ್ದರೆ ಅಚ್ಚರಿಯಿಲ್ಲ. ಆದರೆ ಅಜ್ಜಿಯ ಮಂಡಿನೋವಿಗೆ ಮಾತ್ರೆಯನ್ನು ಕೊಡುವ ವೈದ್ಯೆ ಎಷ್ಟು ಬೇಕೋ, ಆ ಮಂಡಿ ಏಕೆ ಸವೆಯುತ್ತದೆಂದು ಇಪ್ಪತ್ತು ವರ್ಷ ಕೇಳುತ್ತ ಕೂರುವ ವೈದ್ಯೆಯೂ ಅಷ್ಟೇ ಬೇಕು. ಮಗಳು ಎರಡನೆಯವಳಾಗಲು ಹೊರಟರೆ, ಊರಿಗೊಬ್ಬ ಡಾಕ್ಟರು ನಷ್ಟವಾದರೆಂದು ತಿಳಿಯಬೇಡಿ. ಅವಳಿಗೆ ಇನ್ನು ನಾಲ್ಕು ವರ್ಷದ ಸಾವಧಾನವನ್ನು ಕೊಡಿ. ಮದುವೆಯ ಮಾತನ್ನೂ ಸಾಲದ ಮಾತನ್ನೂ ಅವಳೊಡನೆ ಮುಚ್ಚುಮರೆಯಿಲ್ಲದೆ ಕುಳಿತು ಆಡಿ. ಲೆಕ್ಕವನ್ನು ಎದುರಿಗಿಟ್ಟುಕೊಂಡು ಮಾಡಿದ ಆಯ್ಕೆಯೇ ಬಾಳುತ್ತದೆ.

ಹೆಡತಲೆಯ ಚಾವಡಿಯಲ್ಲಿ ಯಾವ ಮುಖದಲ್ಲಿ ಕುಳಿತರೂ ಮಾಡು ಒಂದೇ. ಒಂದು ಕಡೆ ಕುಳಿತವನಿಗೆ ಎದುರಿನವನ ಮಾತು ಕೇಳಿಸುತ್ತಿದ್ದರೆ ಸಾಕು.